ನನ್ನ ವಿರುದ್ಧ ನಡೆದ ಸ್ವಾತಂತ್ರ್ಯ ಹೋರಾಟ

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಯಾರೋ ಈ ವರ್ಷದ ಮೊದಲ ಸಲ ಹೀಟರ್ ಹಾಕಿದರು. ಬೇಸಿಗೆಯಿಡೀ ಅದರ ಮೇಲೆ ಕೂತಿದ್ದ ಧೂಳು ಸುಟ್ಟು ಒಂದು ವಾಸನೆ ಬರುತ್ತದಲ್ಲ, ಕೂದಲು ಸುಟ್ಟ ಹಾಗೆ, ಅದು. ಪಕ್ಕದ ಟೇಬಲ್ಲಿನ ಕಿವೀ ಹುಡುಗಿ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ನಾನು ಮಾತ್ರ ಆರಾಮಾಗಿ ಉಸಿರೆಳೆದುಕೊಂಡು ಕೂತೆ. ನನಗೆ ಅದು ಕನ್ನಡ ಶಾಲೆಯ ವಾಸನೆ. ಹಾರ್ನ್‌ಬಿಯ ಸಮುದಾಯ ಭವನದಲ್ಲಿ ನಾವು ನಡೆಸುತ್ತಿದ್ದ ಭಾನುವಾರದ ಶಾಲೆ. ಅಲ್ಲಿ ಒಂದು ಚಳಿಗಾಲ ನಾನು ಬ್ರಿಟಿಷ್ ಸರ್ಕಾರವಾಗಿದ್ದೆ.

ನಗಬೇಡಿ. ನಿಜವಾಗಿಯೂ ಆಗಿದ್ದೆ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಹಾರ್ನ್‌ಬಿಯ ಒಂದು ದೊಡ್ಡ ಗೋದಾಮಿನಲ್ಲಿ ನನ್ನ ಕೆಲಸ. ಯಾವ ಲಾರಿ ಎಷ್ಟು ಹೊತ್ತಿಗೆ ಎಲ್ಲಿಗೆ ಹೊರಡಬೇಕು ಎಂದು ತೀರ್ಮಾನಿಸುವವಳು ನಾನು. ಹೇಳಿದ ಹೊತ್ತಿಗೆ ಲಾರಿ ಹೊರಡದಿದ್ದರೆ ನನಗೆ ಮೈ ಉರಿಯುತ್ತದೆ. ಲಾರಿಗೆ ಹೇಳುವ ದನಿಯಲ್ಲೇ ಮನುಷ್ಯರಿಗೂ ಹೇಳುತ್ತೇನೆ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಕೆಲಸ ಆಗುತ್ತದಲ್ಲ?

ಕನ್ನಡ ಶಾಲೆ ನಡೆಸಲು ನನ್ನನ್ನು ಹಿಡಿದದ್ದೂ ಇದೇ ಕಾರಣಕ್ಕೆ. ಬೆಂಗಳೂರು, ಮೈಸೂರು ಕಡೆಯ ಒಂದಷ್ಟು ಮನೆಗಳು, ಹುಬ್ಬಳ್ಳಿ ಹಾವೇರಿ ಕಡೆಯ ಒಂದೆರಡು. ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಈ ಬರಹದಲ್ಲಿ ಮಕ್ಕಳು ಆಡಿದ ಇಂಗ್ಲಿಷನ್ನು ನಾನೇ ಕನ್ನಡ ಮಾಡಿ ಹಾಕುತ್ತಿದ್ದೇನೆ. ಅವರು ಕನ್ನಡದಲ್ಲೇ ಮಾತಾಡಿದ ಕಡೆ ಬಿಡಿಸಿ ಹೇಳುತ್ತೇನೆ. ಹಾಗೆ ಹೇಳಬೇಕಾದ ಜಾಗ ಜಾಸ್ತಿ ಏನಿಲ್ಲ.

ಆ ಚಳಿಗಾಲಕ್ಕೆ, ಇಲ್ಲಿ ಅದು ಜೂನಿನಿಂದ ಆಗಸ್ಟಿನವರೆಗೆ, ಬರುವಷ್ಟರಲ್ಲಿ ಶಾಲೆ ಸೊರಗಿತ್ತು. ಈ ವಾರ ಒಬ್ಬನಿಗೆ ಸಾಕರ್, ಮುಂದಿನ ವಾರ ಇನ್ನೊಬ್ಬಳಿಗೆ ಬರ್ತ್‌ಡೇ. ಬಂದ ಮಕ್ಕಳನ್ನೂ ಅಪ್ಪಂದಿರು ಕಾರಿನಿಂದ ಹೆಚ್ಚುಕಡಿಮೆ ಎಳೆದೇ ಇಳಿಸುತ್ತಿದ್ದರು. ಭವನದ ಬುಕಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ಒಂದು ದಿನ ಬಂದು, ಭಾನುವಾರ ಬೆಳಗಿನ ಹೊತ್ತನ್ನು ಡ್ಯಾನ್ಸ್ ಗುಂಪೊಂದು ಕೇಳುತ್ತಿದೆ, ನಿಮಗೆ ಬೇಕೋ ಬೇಡವೋ ವಸಂತ ಬರುವುದರೊಳಗೆ ಹೇಳಿ ಎಂದು ತುಂಬ ಮರ್ಯಾದೆಯಿಂದ ಹೇಳಿಹೋದರು. ಪೋಷಕರೆಲ್ಲ ಸೇರಿ ಒಂದು ತೀರ್ಮಾನ ಮಾಡಿದೆವು. ಆಗಸ್ಟ್ ಹದಿನೈದರ ಕಾರ್ಯಕ್ರಮ ಆಗಲಿ. ಮಕ್ಕಳು ಅದರಲ್ಲಿ ಮನಸ್ಸಿಟ್ಟು ನಿಂತರೆ ಶಾಲೆ ಉಳಿಸಿಕೊಳ್ಳೋಣ, ಇಲ್ಲದಿದ್ದರೆ ಬೀಗ ಹಾಕೋಣ.

ನನಗಂತೂ ಬೀಗದ ಮಾತು ಎದೆಗೆ ಬಿದ್ದಿತ್ತು. ಯಾಕೆಂದರೆ ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ ನನ್ನ ಮಗಳು ಇಳಾ, ಈ ವರ್ಷ ಮುಗಿದ ಮೇಲೆ ನಾನು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಳು. ಅವಳ ಮಟ್ಟಿಗೆ ಕನ್ನಡ ಎಂದರೆ ಅಮ್ಮ ಬೈಯುವ ಭಾಷೆ. ಶಾಲೆಯೂ ಮುಚ್ಚಿದರೆ ಅದು ಹಾಗೇ ಉಳಿದುಬಿಡುತ್ತದೆ ಎಂಬ ಹೆದರಿಕೆ ನನಗೆ.

ಸರಿ, ನಾಟಕ ಬರೆದೆ. ನಡುವೆ ಸರಪಳಿ ಹಾಕಿಕೊಂಡ ಭಾರತಾಂಬೆ. ಒಬ್ಬೊಬ್ಬ ನಾಯಕರ ವೇಷದಲ್ಲಿ ಒಂದೊಂದು ಮಗು ಬಂದು ಒಂದೊಂದು ಸಾಲು ಹೇಳುವುದು. ಕೊನೆಗೆ ಸರಪಳಿ ಕಳಚುವುದು, ಎಲ್ಲರೂ ಹಾಡುವುದು. ಮಕ್ಕಳಿಗೆ ಕನ್ನಡ ಓದಲು ಬರದ ಕಾರಣ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಅಮ್ಮಂದಿರ ವಾಟ್ಸಾಪಿಗೆ ಕಳಿಸಿದೆ. ಬಾಯಿಪಾಠ ಮಾಡಿಸಿ ಎಂದೆ. ಆ ನಾಟಕ ನನಗೆ ಇವತ್ತಿಗೂ ಇಷ್ಟ. ಯಾರೂ ಆಡಲಿಲ್ಲ ಅಷ್ಟೆ.

ಮೊದಲ ತಕರಾರು ಬಂದದ್ದು ಮೀಸೆಯಿಂದ. ಪೋಷಕರಲ್ಲೊಬ್ಬರಾದ ಬಸವರಾಜ್ ಅವರ ಮಗ ಪ್ರಣವ ಹನ್ನೊಂದು ವರ್ಷದ ಹುಡುಗ. ಬಾಯಿ ಮುಚ್ಚಿ ಕೂತದ್ದನ್ನು ಯಾರೂ ನೋಡಿಲ್ಲ. ಅವನಿಗೆ ಹತ್ತಿಯ ಮೀಸೆ ಅಂಟಿಸಿದೆ. ತುರಿಸುತ್ತೆ ಆಂಟಿ, ತೆಗೀತೀನಿ ಎಂದ.

"ಸ್ವಾತಂತ್ರ್ಯಕ್ಕೋಸ್ಕರ ಜನ ಪ್ರಾಣ ಕೊಟ್ಟಿದಾರೆ ಕಣೋ. ನಿಂಗೊಂದು ಮೀಸೆ ತಡ್ಕೊಳಕ್ಕಾಗಲ್ವಾ?" ಎಂದೆ.

ಅವನು ಯೋಚಿಸಿ, "ಅವರ ಮೀಸೆ ಅವರದ್ದೇ ಆಗಿತ್ತು" ಎಂದ.

ಎರಡನೆಯದು ಭಾರತಾಂಬೆಯದು. ಎಂಟು ವರ್ಷದ ತನ್ವಿ, ಎಲ್ಲರಿಗಿಂತ ಚಿಕ್ಕವಳು. ಎರಡು ಡಾಲರ್ ಅಂಗಡಿಯ ಪ್ಲಾಸ್ಟಿಕ್ ಸರಪಳಿ ಕುತ್ತಿಗೆಗೆ ಹಾಕಿಕೊಂಡು ನಿಂತವಳು ನೇರವಾಗಿ ಕೇಳಿದಳು: "ಎಲ್ಲರೂ ಮಾತಾಡುತ್ತಾರೆ, ನಾನು ಮಾತ್ರ ಯಾಕೆ ಸುಮ್ಮನೆ ನಿಂತಿರಬೇಕು? ಸರಪಳಿ ಬಾಯಿಗೆ ಹಾಕಿಲ್ಲವಲ್ಲ?"

ಆಮೇಲಿನ ವಾರ ದೊಡ್ಡ ಮಕ್ಕಳು ಇಳಾಳನ್ನು ಮುಂದೆ ಮಾಡಿಕೊಂಡು ನನ್ನ ಹತ್ತಿರ ಬಂದರು. ಎಷ್ಟು ವಿನಯ ಅಂತೀರಿ! ನಮಗೆ ಶಾಲೆ ಇಷ್ಟ, ನೀವೂ ಇಷ್ಟ, ದಯವಿಟ್ಟು ಸಾಲುಗಳನ್ನು ಚಿಕ್ಕದು ಮಾಡಿ, ಮೀಸೆ ತೆಗೆಯಿರಿ, ತನ್ವಿಗೆ ಮಾತು ಕೊಡಿ. ನನ್ನ ಸ್ವಂತ ಮಗಳು ನನ್ನನ್ನು "ಟೀಚರ್" ಎಂದಳು. ನನಗೆ ಒಳಗೊಳಗೇ ಖುಷಿ. ಅರ್ಧ ಕೊಟ್ಟೆ. ದಪ್ಪ ಮೀಸೆಗಳನ್ನು ಸಣ್ಣ ಮಾಡಿದೆ. ತನ್ವಿಗೆ "ಓ ನನ್ನ ಮಕ್ಕಳೇ!" ಎಂಬ ಒಂದು ಸಾಲು ಬರೆದುಕೊಟ್ಟೆ. ಅವಳು ಅದನ್ನು ಒಂದು ಸಲ ಹೇಳಿ ನೋಡಿ, "ಅಷ್ಟೇನಾ?" ಎಂಬಂತೆ ನನ್ನ ಮುಖ ನೋಡಿದಳು.

ಮನೆಗೆ ಹೋಗುವಾಗ ಕಾರಿನಲ್ಲಿ ಇಳಾ ತನ್ನ ಹೈಸ್ಕೂಲಿನ ಪ್ರಾಜೆಕ್ಟಿನ ಮಾತೆತ್ತಿದಳು. ದೂರು ಹೇಳುತ್ತಿದ್ದ ಜನ ಯಾವಾಗ, ಹೇಗೆ ಸ್ವಾತಂತ್ರ್ಯ ಕೇಳಲು ಶುರುಮಾಡಿದರು ಎಂಬುದು ವಿಷಯ. ಯಾವ ದೇಶದ್ದು ಬೇಕಾದರೂ ತೆಗೆದುಕೊಳ್ಳಬಹುದಂತೆ. ಅವಳು ನಮ್ಮದನ್ನು ತೆಗೆದುಕೊಂಡಿದ್ದಳು.

"ಅಮ್ಮಾ, ಮೊದಮೊದಲು ಬ್ರಿಟಿಷರು ಹೋಗಲಿ ಅಂತ ಯಾರೂ ಹೇಳಲೇ ಇಲ್ಲ, ನಿನಗೆ ಗೊತ್ತಾ? ಬರೀ ಮನವಿ. ತೆರಿಗೆ ಕಡಿಮೆ ಮಾಡಿ, ನಮ್ಮವರಿಗೂ ಕೆಲಸ ಕೊಡಿ, ಸಭೆಯಲ್ಲಿ ಒಂದೆರಡು ಕುರ್ಚಿ ಕೊಡಿ. ಕೊನೆಗೆ ರಾಣಿ ಚೆನ್ನಾಗಿರಲಿ ಅಂತ ಬೇರೆ ಬರೆಯುತ್ತಿದ್ದರು."

"ಗೊತ್ತು ಗೊತ್ತು" ಎಂದೆ. ಪರೀಕ್ಷೆಗೆ ಓದಿದ್ದಷ್ಟು ಗೊತ್ತಿತ್ತು.

"ಹಾಗಾದರೆ ಅದು ಯಾವಾಗ ಬದಲಾಯಿತು?"

ನಾನು ರೌಂಡಬೌಟಿನಲ್ಲಿದ್ದೆ. "ಗಾಡಿ ಓಡಿಸ್ತಿದೀನಿ ಕಣೇ, ಆಮೇಲೆ ಕೇಳು" ಎಂದೆ. ಆಮೇಲೆ ಅವಳು ಕೇಳಲಿಲ್ಲ. ನಾನೇ ತೋರಿಸಿಕೊಟ್ಟೆ.

ಹೇಗೆಂದರೆ, ಚೆಂಡು ಕಿತ್ತುಕೊಂಡೆ.

ತರಗತಿಯ ನಡುವೆ ಬಿಡುವಿನಲ್ಲಿ ಮಕ್ಕಳು ಕಾರ್ ಪಾರ್ಕಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಿದ್ದರು. ಮಂಜು ಕರಗಿರದ ಟಾರ್ ಮೇಲೆ ಜಾರಿಕೊಂಡು, ಮೂಗು ಕೆಂಪಾಗಿಸಿಕೊಂಡು. ಆ ಭಾನುವಾರ ಕರೆದೆ, ಬರಲಿಲ್ಲ. ಮತ್ತೆ ಕರೆದೆ, ಒಂದೇ ಓವರ್ ಆಂಟಿ ಎಂದರು. ಕಾರ್ಯಕ್ರಮ ಹತ್ತಿರ ಬಂದಿತ್ತು, ಒಬ್ಬರಿಗೂ ಸಾಲು ಬಂದಿರಲಿಲ್ಲ. ನಾನು ಹೋಗಿ ಪಿಚ್ಚಿನ ಮಧ್ಯೆ ನಿಂತು ಚೆಂಡು ತೆಗೆದುಕೊಂಡು ಹ್ಯಾಂಡ್‌ಬ್ಯಾಗಿಗೆ ಹಾಕಿ ಜಿಪ್ ಎಳೆದೆ. "ಕಾರ್ಯಕ್ರಮ ಮುಗಿಯೋವರ್ಗೂ ಬಿಡುವೂ ಇಲ್ಲ, ಚೆಂಡೂ ಇಲ್ಲ" ಎಂದೆ. ಎಲ್ಲ ತಲೆ ತಗ್ಗಿಸಿ ಒಳಗೆ ಬಂದರು. ಆಹಾ, ಶಿಸ್ತು ಎಂದುಕೊಂಡೆ.

ತರಗತಿ ಮುಗಿದಾಗ ಬಸವರಾಜ್ ತಮ್ಮ ಯೂಟಿನ, ಅಂದರೆ ಪಿಕಪ್ ಗಾಡಿಯ, ಹಿಂಭಾಗಕ್ಕೆ ಒರಗಿ ನಿಂತಿದ್ದರು. ಸೇತುವೆ ಕಟ್ಟುವ ಎಂಜಿನಿಯರ್, ಹಿರೇಕೆರೂರಿನ ಕಡೆಯವರು. ಅವರು ಪಿಸುಮಾತಾಡಿದರೂ ರಸ್ತೆಯಾಚೆಯ ಡೇರಿ ಅಂಗಡಿಯವನಿಗೆ ಕೇಳುತ್ತದೆ.

"ಅಕ್ಕಾರ, ಚೆಂಡು ಕಸ್ಗೊಂಡ್ರಂತಲ್ಲ?"

"ಹೂಂ. ಮಾತು ಕೇಳಲ್ಲ ಅಂದ್ರೆ ಏನ್ಮಾಡ್ಲಿ?"

"ತಪ್ಪ್ ಜಾಗಾಕ್ಕ ಕೈ ಹಾಕೀರಿ. ನಾಟಕದ ಮಾತು ಅಂದ್ರ ನಾಕು ದೊಡ್ಡ ಹುಡುಗರ ತಲಿಬ್ಯಾನಿ. ಚೆಂಡು ಎಲ್ಲಾರದು. ಬ್ರಿಟಿಷರು ಉಪ್ಪಿನ ಮ್ಯಾಲೆ ಕೈ ಇಟ್ಟಂಗ ಆತ್ರಿ ಇದು."

"ನಿಮ್ಮಗ ಒಂದು ಸಾಲು ನೆಟ್ಟಗೆ ಹೇಳಲ್ಲ, ಮೊದ್ಲು ಅದು ನೋಡಿ" ಎಂದು ಕಾರು ಹತ್ತಿದೆ.

ಮುಂದಿನ ಶನಿವಾರ ಇಳಾ ಅಡುಗೆಮನೆಯಲ್ಲಿ ಬ್ಲೂಬೆರಿ ಮಫಿನ್ ಮಾಡುತ್ತಿದ್ದಳು. ಯಾರಿಗೇ ಎಂದೆ. ಕನ್ನಡ ಕ್ಲಾಸಿಗೆ ಎಂದಳು. ಅಬ್ಬಾ, ಕೊನೆಗೂ ಮನಸ್ಸು ಬಂತಲ್ಲ ಎಂದು ನಾನೇ ಟ್ರೇಗೆ ಬೆಣ್ಣೆ ಸವರಿಕೊಟ್ಟೆ.

ಭಾನುವಾರ ಅವಳು ತನ್ವಿಯ ಅಮ್ಮನ ಕಾರಿನಲ್ಲಿ ಮೊದಲೇ ಹೋದಳು. ನಾನು ತಲುಪಿದಾಗ ಭವನದ ಬಾಗಿಲಿಗೆ ಅಡ್ಡಲಾಗಿ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. ಧ್ರುವದ ಕಡೆಯಿಂದ ಬೀಸುವ ದಕ್ಷಿಣದ ಗಾಳಿ ಮೂಳೆ ಕೊರೆಯುತ್ತಿತ್ತು. ಎಲ್ಲರೂ ಟೋಪಿ, ಗ್ಲೌಸು ಹಾಕಿ, ಕೆಳಗೆ ಪಿಕ್ನಿಕ್ ಚಾಪೆ ಹಾಸಿಕೊಂಡು, ಏನೋ ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಯಾವತ್ತೂ ಬಾರದವರು ಕೂಡ ಬಂದಿದ್ದರು. ತನ್ವಿ ಎದ್ದು ಬಂದು ನನ್ನ ಮುಂದೆ ಡಬ್ಬಿ ಹಿಡಿದಳು.

"ತಗೊಳ್ಳಿ ಆಂಟಿ, ಮಫಿನ್."

"ಏನೇ ಇದು?"

ಇಳಾ ವಿವರಿಸಿದಳು. ಈ ದೇಶದ ಉತ್ತರ ದ್ವೀಪದ ತರನಾಕಿಯಲ್ಲಿ ಪರಿಹಾಕ ಎಂಬ ಊರು, ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರದ್ದು. ಅವರ ನೆಲವನ್ನು ಸರ್ಕಾರ ಕಿತ್ತುಕೊಂಡಾಗ ಅವರು ಜಗಳಕ್ಕೆ ಹೋಗಲಿಲ್ಲ, ಹೋಗಿ ಆ ನೆಲವನ್ನು ಉತ್ತರು. ಉತ್ತವರನ್ನು ಜೈಲಿಗೆ ಹಾಕಿದರೆ ಬೇರೆಯವರು ಬಂದು ಉತ್ತರು. ಕೊನೆಗೆ ಸೈನಿಕರು ಊರಿಗೆ ನುಗ್ಗಿದಾಗ ಎಲ್ಲರಿಗಿಂತ ಮುಂದೆ ಕೂತಿದ್ದವರು ಮಕ್ಕಳು. ಅವರು ಹಾಡುತ್ತಿದ್ದರು. ಬಂದ ಸೈನಿಕರಿಗೆ ಊರಿನವರು ಬ್ರೆಡ್ಡು ಕೊಟ್ಟರು. ಇದನ್ನೆಲ್ಲ ಅವಳ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಉಪ್ಪಿನ ಕಥೆಗಿಂತ ಐವತ್ತು ವರ್ಷ ಹಿಂದಿನದಮ್ಮಾ ಎಂದು ಬೇರೆ ಸೇರಿಸಿದಳು.

ನಾನು ಮಫಿನ್ ತೆಗೆದುಕೊಂಡೆ. ಚಳಿ ಇತ್ತು, ತಿಂಡಿ ತಿಂದಿರಲಿಲ್ಲ. ಆಮೇಲೆ ಬ್ಯಾಗಿನ ಜಿಪ್ ತೆಗೆದು ಚೆಂಡನ್ನು ಅವರ ಕಡೆ ಉರುಳಿಸಿದೆ. "ತಗೊಳ್ರಪ್ಪಾ ನಿಮ್ಮ ಚೆಂಡು. ಮುಗೀತಲ್ಲ? ಏಳಿ."

ಯಾರೂ ಏಳಲಿಲ್ಲ. ಚೆಂಡು ಪ್ರಣವನ ಮೊಣಕಾಲಿಗೆ ತಾಗಿ, ಅಲ್ಲಿಂದ ಉರುಳಿ ಚರಂಡಿಯ ಜಾಲರಿ ಮೇಲೆ ನಿಂತಿತು. ಅವನ ಕಣ್ಣು ಅದರ ಹಿಂದೆಯೇ ಹೋಯಿತು. ಕೈ ಹೋಗಲಿಲ್ಲ.

"ಚೆಂಡು ಬೇಡಮ್ಮ" ಎಂದಳು ಇಳಾ.

"ಸರಿ, ಮೀಸೆ ಎಲ್ಲಾ ತೆಗೆದುಬಿಡ್ತೀನಿ."

"ಮೀಸೆದೂ ಅಲ್ಲ."

"ಮತ್ತೇನೇ ಬೇಕು ನಿಮಗೆ?"

"ಏನು ಬೇಕು ಅಂತ ನಾವು ತೀರ್ಮಾನ ಮಾಡಬೇಕು. ನೀನು ಕೊಡೋದಲ್ಲ."

ನಾನು ಅಲ್ಲೇ ನಿಂತೆ, ಬಾಯಲ್ಲಿ ಅರ್ಧ ಮಫಿನ್ ಇಟ್ಟುಕೊಂಡು. ಮೂರು ವಾರ ಹಿಂದೆ ಅದೇ ಮಕ್ಕಳು ದಯವಿಟ್ಟು ಎನ್ನುತ್ತಿದ್ದರು. ಆಗ ಪೂರ್ತಿ ಕೊಟ್ಟಿದ್ದರೆ ಕುಣಿದುಕೊಂಡು ಹೋಗುತ್ತಿದ್ದರು. ಈಗ ಎರಡರಷ್ಟು ಕೊಟ್ಟರೂ ಸಾಲುವುದಿಲ್ಲ, ಯಾಕೆಂದರೆ ಕೊಡಲು ನೀನ್ಯಾರು ಎಂಬಲ್ಲಿಗೆ ಮಾತು ಹೋಗಿಬಿಟ್ಟಿದೆ. ಬ್ರಿಟಿಷರಿಗೆ ಇಷ್ಟೂ ತಿಳಿಯಲಿಲ್ಲವಾ ಎಂದು ಶಾಲೆಯಲ್ಲಿ ಓದುವಾಗ ಅನಿಸುತ್ತಿತ್ತು. ತಿಳಿಯುವುದಿಲ್ಲ ಸ್ವಾಮಿ. ಕೊಡುವ ಕೈಗೆ ಅದು ತಿಳಿಯುವುದೇ ಇಲ್ಲ.

ಅಷ್ಟರಲ್ಲಿ ಪೋಷಕರು ಕಾರಿಳಿದು ಬಂದರು. ತನ್ವಿಯ ಅಮ್ಮ, "ವಸುಧಾ, ಒಬ್ಬೊಬ್ಬರನ್ನೇ ಎತ್ತಿ ಒಳಗೆ ಹಾಕ್ಲಾ?" ಎಂದರು. ನಾನು ಹೂಂ ಎನ್ನುವವಳೇ. ಬಸವರಾಜ್ ಅಡ್ಡ ಬಂದರು. ಬಂದವರು ಆ ಥಂಡಿ ಕಾಂಕ್ರೀಟಿನ ಮೇಲೆ ಮಕ್ಕಳ ಸಾಲಿನಲ್ಲಿ ಕೂತು ಮಫಿನ್ ಕೈಗೆತ್ತಿಕೊಂಡರು.

"ನಮ್ಮ ಮುತ್ತಜ್ಜಿ ಮನಿಗೂ ಹಿಂಗ ಜಪ್ತಿಗೆ ಬಂದಿದ್ರು" ಎಂದರು.

"ಯಾರು?" ಎಂದ ಪ್ರಣವ. ಅಪ್ಪ ಈ ಕಥೆಯನ್ನು ಅವನಿಗೂ ಹೇಳಿರಲಿಲ್ಲ.

"ಸರ್ಕಾರದವ್ರು. ಮಳಿ ಇಲ್ಲ, ಬೆಳಿ ಇಲ್ಲ, ಕಂದಾಯ ಕೊಡಂಗಿಲ್ಲ ಅಂತ ಊರ ಮಂದಿ ಕುಂತಿದ್ರು. ಮನಿಗೆ ಬಂದು, ನೀರು ಕಾಸೋ ತಾಮ್ರದ ಹಂಡೆ ಹೊತ್ಗೊಂಡ್ ಹೋಗಿ ಚಾವಡಿ ಮುಂದ ಲಿಲಾವಿಗೆ ಇಟ್ರು. ಕೂಗ್ತಾರ, ಕೂಗ್ತಾರ. ಇಡೀ ಊರು ನಿಂತೈತಿ, ಒಬ್ಬಾಂವನೂ ಬಾಯಿ ತಗಿಯವಲ್ಲ."

"ಒಬ್ಬರೂ ಕೂಗಲಿಲ್ಲವಾ?" ತನ್ವಿ ಬಾಯಿ ಬಿಟ್ಟುಕೊಂಡು ಕೇಳಿದಳು.

"ಊರಾವ್ರು ಯಾರೂ ಇಲ್ಲ. ಪರ ಊರಾಂವ ಒಬ್ಬ ತಗೊಂಡನಂತ. ಹೆಣ್ಮಕ್ಕಳೆಲ್ಲ ಹೋಗಿ ಅವನ ಮನಿ ಬಾಗಲಾಗ ಕುಂತ್ರು. ಬೈಲಿಲ್ಲ, ಬಡೀಲಿಲ್ಲ. ಸುಮ್ಮನ ಕುಂತ್ರು. ಕಡೀಕ ಅಂವ ತಾನ ಹಂಡೆ ತಂದು ಇಟ್ಟು ಹ್ವಾದ."

ಇಳಾ ಕೇಳಿದಳು: "ಅವರು ಕೇಳುತ್ತಿದ್ದದ್ದು ಕಂದಾಯ ಕಡಿಮೆ ಮಾಡಿ ಅಂತಲೋ, ಸ್ವಾತಂತ್ರ್ಯ ಬೇಕು ಅಂತಲೋ?"

"ಮದಲು ಕಡಿಮಿ ಮಾಡ್ರಿ ಅಂತಿದ್ರವಾ. ಹಂಡೆ ಹ್ವಾದ ಮ್ಯಾಲೆ ಯಾರೂ ಕಡಿಮಿ ಮಾಡ್ರಿ ಅನ್ಲಿಲ್ಲ. ಹೊಂಟ್ ಹೋಗ್ರಿ ಅಂದ್ರು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ನಾಟಕ ಇದು ಎಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಎಲ್ಲರೂ ಎದ್ದು ಒಳಗೆ ಓಡಿದರು. ನಾನೂ ಹಿಂದೆ ಹೋದೆ. ಬಾಗಿಲಲ್ಲಿ ಇಳಾ ತಿರುಗಿ, "ಅಮ್ಮಾ, ನೀನು ಅಡುಗೆಮನೆಯಲ್ಲಿರು" ಎಂದಳು.

ಇದ್ದೆ. ಭವನದ ಅಡುಗೆಮನೆಗೂ ಸಭಾಂಗಣಕ್ಕೂ ನಡುವೆ ತಿಂಡಿ ದಾಟಿಸಲು ಒಂದು ಕಿಂಡಿ. ಅದರಿಂದ ಇಣುಕಿ ನೋಡುತ್ತ ಹೊಟ್ಟೆ ಉರಿಸಿಕೊಂಡೆ. ಸಾಲು ಇಲ್ಲ, ಶಿಸ್ತು ಇಲ್ಲ, ಹತ್ತು ಮಾತಿಗೆ ಎಂಟು ಇಂಗ್ಲಿಷು. ಕನ್ನಡ ಶಾಲೆಯ ನಾಟಕದಲ್ಲಿ ಕನ್ನಡವೇ ಇಲ್ಲದಿದ್ದರೆ ಯಾವ ಮುಖ ಇಟ್ಟುಕೊಂಡು ಆ ಹಿರಿಯ ಹೆಂಗಸಿಗೆ ಭವನ ನಮಗೇ ಬೇಕು ಎನ್ನುವುದು? ಬಸವರಾಜರಿಗೆ ಹೇಳಿದೆ. ಅವರು ಟೀ ಸೋಸುತ್ತ, "ಇನ್ನೇನು ಕೊಟ್ಟೀರಿ, ಕೊಟ್ಟಾಗೇತಿ. ಸುಮ್ಮನ ಸಕ್ಕರಿ ಹಾಕ್ರಿ" ಎಂದರು.

ಆದರೆ ಒಂದು ಆಯಿತು. ಮಕ್ಕಳು ಆಗಾಗ ಕಿಂಡಿಗೆ ತಲೆ ಹಾಕಿ ಪದ ಕೇಳತೊಡಗಿದರು. ಆಕ್ಷನ್‌ಗೆ ಏನಂತಾರೆ ಆಂಟಿ? ಹರಾಜು ಎಂದೆ. ಲಿಲಾವು ಅಂತಾರ ಎಂದರು ಬಸವರಾಜ್. ಸರಿಯಾದದ್ದು ಯಾವುದು? ಎರಡೂ ಎಂದೆವು. ಕೊಡುವುದಿಲ್ಲ ಅನ್ನೋದಕ್ಕೆ? ಕೊಡಲ್ಲ. ಕೊಡಂಗಿಲ್ಲ. "ಕೊಡಂಗಿಲ್ಲ" ಇನ್ನೂ ಜೋರಾಗಿದೆ ಎಂದು ಅದನ್ನೇ ಒಯ್ದರು. ನಾನು ವಾಟ್ಸಾಪಿನಲ್ಲಿ ಕಳಿಸಿದ್ದ ಸಾಲುಗಳು ಕಾರ್ ಪಾರ್ಕ್ ದಾಟುವುದರೊಳಗೆ ಮರೆತುಹೋಗುತ್ತಿದ್ದವು. ಇವರೇ ಬಂದು ಕೇಳಿ ಒಯ್ದ ಪದಗಳು ಒಂದೂ ಬೀಳಲಿಲ್ಲ. ನಾನು ಟೀಚರಾಗಿ ಕಲಿಸಿದ್ದಕ್ಕಿಂತ ಕಿಂಡಿಯಲ್ಲಿ ನಿಂತು ಕಲಿಸಿದ್ದು ಜಾಸ್ತಿ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಇವತ್ತಿಗೂ ಸ್ವಲ್ಪ ಕಷ್ಟ.

ಕಾರ್ಯಕ್ರಮದ ದಿನ ಬಿಸಿಲಿತ್ತು, ಚಳಿಗಾಲದ ತೆಳು ಬಿಸಿಲು. ಭವನ ತುಂಬಿತ್ತು. ರೇಷ್ಮೆ ಸೀರೆ ಮೇಲೆ ಪಫರ್ ಜಾಕೆಟ್ ಹಾಕಿದ ಆಂಟಿಯರು, ಹಿಂದಿನ ಸಾಲಿನಲ್ಲಿ ಅಂಕಲ್‌ಗಳು. ಅಂಕಲ್‌ಗಳ ಪೈಕಿ ಮೋಹನ್ ಅವರ ಬಗ್ಗೆ ಹೇಳಲೇಬೇಕು. ಬೆಂಗಳೂರಿನವರು, ಒಳ್ಳೆಯ ಮನುಷ್ಯ, ಆ ವರ್ಷವಿಡೀ ಮನೆ ಹುಡುಕುತ್ತಿದ್ದರು. ಇಲ್ಲಿ ಮನೆಗಳು ಎಷ್ಟೋ ಸಲ ಹರಾಜಿನಲ್ಲೇ ಹೋಗುವುದು. ಪ್ರತಿ ಹರಾಜಿಗೂ ಹೋಗುವುದು, ಕೈ ಎತ್ತಬೇಕಾದ ಗಳಿಗೆಯಲ್ಲಿ ಹಿಂಜರಿಯುವುದು, ಮನೆ ತಪ್ಪಿಸಿಕೊಳ್ಳುವುದು, ಹೆಂಡತಿಯ ಕೈಲಿ ಬೈಸಿಕೊಳ್ಳುವುದು. ಸಿಕ್ಕವರಿಗೆಲ್ಲ ಅದೇ ಕಥೆ ಹೇಳುತ್ತಿದ್ದರು.

ನಾಟಕ ಶುರುವಾಯಿತು. ವೇಷ ಏನೂ ಇಲ್ಲ, ಎಲ್ಲ ದಿನಾ ಹಾಕುವ ಹೂಡಿ ಸ್ವೆಟರಿನಲ್ಲೇ ಬಂದರು. ಬ್ರಿಟಿಷ್ ಅಧಿಕಾರಿ ತನ್ವಿ. ರಸ್ತೆ ಕೆಲಸದವರು ಹಾಕುವಂಥ, ಅವಳಪ್ಪನ ಹೊಳೆಯುವ ಹಳದಿ ಹೈ-ವಿಸ್ ಜಾಕೆಟ್ ಅವಳ ಪಾದದವರೆಗೆ ಇಳಿಬಿದ್ದಿತ್ತು. ಕೈ ಕಾಣದ ತೋಳು ಬೀಸಿ, ಕನ್ನಡದಲ್ಲಿ, "ಕಂದಾಯ ಕೊಡಿ!" ಎಂದು ಕೂಗಿದಳು. ಊರಿನವರೆಲ್ಲ "ಕೊಡಂಗಿಲ್ಲ!" ಎಂದರು. ಭವನವೆಲ್ಲ ಬಿದ್ದು ಬಿದ್ದು ನಕ್ಕಿತು. ಕಿಂಡಿಯ ಹಿಂದೆ ನಾನು ಮಾತ್ರ ನಗಲಿಲ್ಲ. ಜನ ನಗುವುದು ಬೇರೆ, ಮಕ್ಕಳು ಮನಸ್ಸಿಟ್ಟು ನಿಲ್ಲುವುದು ಬೇರೆ.

ಹರಾಜಿನ ದೃಶ್ಯ ಬಂತು. ಹಂಡೆ ಸಿಗದೆ ಬಸವರಾಜರ ಮನೆಯ ದೊಡ್ಡ ರೈಸ್ ಕುಕ್ಕರನ್ನು ಸ್ಟೂಲಿನ ಮೇಲಿಟ್ಟಿದ್ದರು. ಹರಾಜು ಕೂಗುವವನು ಪ್ರಣವ. ಟೀವಿಯಲ್ಲಿ ಮನೆ ಮಾರುವವರ ಹಾಗೆ ಕೈ ತಿರುಗಿಸಿ, "ಬನ್ನಿ, ಸುಂದರವಾದ ಹಂಡೆ, ಒಳ್ಳೆ ಏರಿಯಾ, ಮೂರು ಕಡೆ ಬಿಸಿಲು ಬೀಳುತ್ತೆ! ಮೊದಲನೇ ಕರೆ! ಎರಡನೇ ಕರೆ!" ಎಂದ. ವೇದಿಕೆಯ ಮೇಲೆ ಊರಿನವರೆಲ್ಲ ಕೈ ಕಟ್ಟಿ ನಿಂತಿದ್ದರು. ಯಾರೂ ಕೂಗುವುದಿಲ್ಲ, ಅಧಿಕಾರಿ ಸೋತು ಹೋಗುತ್ತಾಳೆ, ನಾಟಕ ಮುಗಿಯುತ್ತದೆ. ಅವರು ಬರೆದುಕೊಂಡದ್ದು ಅಷ್ಟೇ. ಪರ ಊರಿನವನ ಭಾಗ ಉದ್ದವಾಗುತ್ತದೆಂದು ಬಿಟ್ಟಿದ್ದರು.

"ಕೊನೇ ಕರೆ!" ಎಂದ ಪ್ರಣವ.

"ಇಪ್ಪತ್ತು!"

ಹಿಂದಿನ ಸಾಲಿನಲ್ಲಿ ಮೋಹನ್ ಅಂಕಲ್ ಕೈ ಎತ್ತಿ ನಿಂತುಬಿಟ್ಟಿದ್ದರು. ವರ್ಷವಿಡೀ ತಡವಾಗಿ ಎತ್ತಿದ ಕೈ, ಆವತ್ತು ಮಾತ್ರ ಸರಿಯಾದ ಹೊತ್ತಿಗೆ ಎದ್ದಿತ್ತು. ಜನ ಹೋ ಎಂದರು. ಅವರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ವೇದಿಕೆಯ ಮೇಲೆ ಪ್ರಣವನ ಬಾಯಿ ಮೊದಲ ಸಲ ಕಟ್ಟಿತು. ತನ್ವಿ ಜಾಕೆಟ್ಟಿನೊಳಗಿಂದ ಅಳುವ ಮುಖ ಮಾಡಿದಳು. ಮುಗಿಯಿತು ಎಂದುಕೊಂಡೆ. ನಾಟಕ ಹೋಯಿತು, ಶಾಲೆಯೂ ಹೋಯಿತು. ಓಡಿಹೋಗಿ ಏನಾದರೂ ಹೇಳಿ ಮುಚ್ಚಿಹಾಕಬೇಕು ಎಂದು ಅಡುಗೆಮನೆಯ ಬಾಗಿಲಿಗೆ ಬಂದೆ. ಬಸವರಾಜ್ ನನ್ನ ತೋಳು ಹಿಡಿದರು. "ನಿಂದರ್ರಿ ಅಕ್ಕಾರ."

ಇಳಾ ವೇದಿಕೆಯಿಂದ ಇಳಿದಳು. ಓಡಲಿಲ್ಲ, ನಿಧಾನವಾಗಿ ಕುರ್ಚಿಗಳ ನಡುವೆ ನಡೆದುಹೋಗಿ ಮೋಹನ್ ಅಂಕಲ್ ಎದುರು ನೆಲದ ಮೇಲೆ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬ. ಊರಿನವರೆಲ್ಲ ಬಂದು ಅವರ ಕುರ್ಚಿಯ ಸುತ್ತ ಕೂತರು. ಹರಾಜಿನವನೂ ಬಂದ, ಹೈ-ವಿಸ್ ಎತ್ತಿಕೊಂಡು ಅಧಿಕಾರಿಯೂ ಬಂದಳು. ಯಾರೂ ಮಾತಾಡಲಿಲ್ಲ. ನಗುತ್ತಿದ್ದ ಜನ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ಆಗ ಇಳಾ ಅಂದಳು. ಕನ್ನಡದಲ್ಲಿ. ಯಾರೂ ಬರೆದುಕೊಡದ ಕನ್ನಡದಲ್ಲಿ.

"ಅಂಕಲ್, ಅದು ನಮ್ಮಜ್ಜಿ ಹಂಡೆ. ನೀವು ತಗೋಬೇಡಿ. ನಾವು ಇಲ್ಲೇ ಕೂತಿರ್ತೀವಿ."

ಮೋಹನ್ ಅಂಕಲ್ ಎತ್ತಿದ ಕೈ ಹಾಗೇ ಇತ್ತು. ಅದನ್ನು ಇಳಿಸಿದರು. ಅವರ ಮುಖದಲ್ಲಿದ್ದ ತಮಾಷೆ ಹೋಗಿತ್ತು. "ಬೇಡ ಕಣಮ್ಮ" ಎಂದರು. "ತಪ್ಪಾಯ್ತು. ಹಂಡೆ ನಿಮ್ದೇ." ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲಕ್ಕೆ ಕೂತರು, ಮಂಡಿ ನೋವಿನ ಮನುಷ್ಯ. ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ನಾನು ಅಡುಗೆಮನೆಯ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ನಿಮಗೆ ಮಕ್ಕಳು ಗೊತ್ತಿಲ್ಲ. ಸಮೋಸ ತಿನ್ನುವಾಗ ಅವರು ತಮ್ಮ ತೀರ್ಮಾನ ಹೇಳಿದರು. ಶಾಲೆಯಲ್ಲಿ ಏನು ಮಾಡಬೇಕೆಂದು ಇನ್ನು ಮೇಲೆ ಅವರೇ ಹೇಳುತ್ತಾರೆ. ಅಪ್ಪ ಅಮ್ಮ ಬಲವಂತ ಮಾಡುವಂತಿಲ್ಲ, ಬರುವುದು ಬಿಡುವುದು ಅವರವರ ಇಷ್ಟ.

"ಇಷ್ಟ ಅಂತ ಬಿಟ್ರೆ ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಯಾರೇ ಬರ್ತಾರೆ?" ಎಂದೆ ಇಳಾಗೆ.

"ಬಾರದಿದ್ದರೆ ಬೇಡ" ಎಂದಳು. "ಆಗ ಗೊತ್ತಾಗುತ್ತಲ್ಲ."

"ನೀನು ಬರ್ತೀಯಾ?"

"ಅದನ್ನು ಈಗ ಹೇಳುವುದಿಲ್ಲ."

ಬಸವರಾಜ್ ಪಕ್ಕದಲ್ಲಿ ಸಮೋಸ ಅಗಿಯುತ್ತ, "ಕೇಳಿದ್ರ ಕೊಡ್ರಿ ಅಕ್ಕಾರ. ಇಲ್ಲಾಂದ್ರ ಮತ್ತ ಬಾಗಲಾಗ ಕುಂದ್ರತಾರ" ಎಂದರು. ಪೋಷಕರು ಒಪ್ಪಿದರು. ನಾನೂ ಒಪ್ಪಿದೆ, ಮುಖ ಸೊಟ್ಟ ಮಾಡಿಕೊಂಡೇ.

ಮುಂದಿನ ಭಾನುವಾರ ಮಳೆ, ಜೊತೆಗೆ ದಕ್ಷಿಣದ ಗಾಳಿ. ಛತ್ರಿ ಬಿಚ್ಚಿದರೆ ಮುರಿಯುವಂಥದ್ದು. ಇಳಾಳ ಕೋಣೆಯ ಬಾಗಿಲು ಮುಚ್ಚಿತ್ತು. ಮಾತು ಕೊಟ್ಟಿದ್ದೆ, ತಟ್ಟಲಿಲ್ಲ. ಒಬ್ಬಳೇ ಹೋಗಿ ಭವನದ ಬಾಗಿಲು ತೆಗೆದು, ಕುರ್ಚಿಗಳನ್ನು ಇಳಿಸಿ, ಮತ್ತೆ ಹಾಗೇ ಒಂದರ ಮೇಲೊಂದು ಜೋಡಿಸಿದೆ. ಕುರ್ಚಿ ಎಲ್ಲಿ ಹಾಕಬೇಕೆಂದು ಹೇಳುವ ಅಧಿಕಾರವೂ ನನ್ನದಲ್ಲವಲ್ಲ. ಬುಕಿಂಗಿನ ಹೆಂಗಸು ಫೋನ್ ಮಾಡಿ, ಡ್ಯಾನ್ಸಿನವರಿಗೆ ಇವತ್ತೇ ಹೇಳಬೇಕು, ನಿಮಗೆ ಭವನ ಬೇಕೋ ಬೇಡವೋ ಎಂದು ಕೇಳಿದರು. ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ ಎಂದೆ. ಕಿಟಕಿಯ ಮೇಲೆ ಮಳೆ ಬಡಿಯುತ್ತಿತ್ತು. ಶುರುವಾಗುವ ಹೊತ್ತು ಕಳೆಯಿತು. ಕಾರ್ ಪಾರ್ಕಿನಲ್ಲಿ ನನ್ನ ಕಾರು ಒಂದೇ ನೆನೆಯುತ್ತಿತ್ತು.

ಮೊದಲು ಬಸವರಾಜರ ಯೂಟು ಬಂತು. ಪ್ರಣವ ಧುಮುಕಿದ. ಹಿಂದಿನ ಬಾಗಿಲಿನಿಂದ ಇನ್ನಿಬ್ಬರು ಇಳಿದರು. ದಾರಿಯಲ್ಲಿ ಫೋನ್ ಮಾಡಿ ಮಾಡಿ ಹತ್ತಿಸಿಕೊಂಡು ಬಂದಿದ್ದನಂತೆ. ಆಮೇಲೆ ತನ್ವಿ, ಅಮ್ಮನನ್ನು ಕಾರಿನಲ್ಲೇ ಬಿಟ್ಟು. ಆಮೇಲೆ ಇನ್ನೊಂದು ಕಾರು, ಅದರ ಹಿಂದೆ ಮತ್ತೊಂದು. ಕೊನೆಗೆ ನನ್ನ ಗಂಡನ ಕಾರಿನಿಂದ ಇಳಾ ಇಳಿದಳು, ಪೈಜಾಮದ ಮೇಲೆಯೇ ಜಾಕೆಟ್ ಹಾಕಿಕೊಂಡು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನನ್ನ ಒದ್ದೆ ಕಣ್ಣು ಕಾಣಿಸುತ್ತಿತ್ತು, ಒಳ್ಳೆಯದೇ ಆಯಿತು. ನಾನು ಅಡುಗೆಮನೆಗೆ ಹೋಗಿ ಆ ಹೆಂಗಸಿಗೆ ಫೋನ್ ಮಾಡಿ, ಭವನ ನಮಗೆ ಬೇಕು ಎಂದೆ. ಎಷ್ಟು ದಿನಕ್ಕೆ ಎಂದರು. ಅದನ್ನು ಕೇಳಿ ಹೇಳಬೇಕು ಎಂದೆ.

ಹೊರಗೆ ಬಂದರೆ ಕುರುಕ್ಷೇತ್ರ. ಮೊದಲು ಏನು ಮಾಡುವುದು ಎಂದು ಜಗಳ. ಒಬ್ಬನಿಗೆ ಅಡುಗೆ ಕಲಿಯಬೇಕು, ಒಬ್ಬಳಿಗೆ ಬೈಗುಳ ಕಲಿಯಬೇಕು, ಪ್ರಣವನಿಗೆ ಎಲ್ಲವನ್ನೂ ತಾನೇ ಹೇಳಬೇಕು. ಇಂಗ್ಲಿಷಿನಲ್ಲಿ ಶುರುವಾದ ಜಗಳ, ಸಿಟ್ಟು ಏರಿದಂತೆ "ಏಯ್ ಸುಮ್ನಿರೋ", "ನಂಗೆ ಮೊದ್ಲು" ಎಂದು ಕನ್ನಡಕ್ಕೆ ಜಾರುತ್ತಿತ್ತು. ಯಾರೋ ಓಟು ಹಾಕಿಸಿ ಆ ಗದ್ದಲವನ್ನು ನಡೆಸಲು ತನ್ವಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇವರ ಕೈಲಿ ಆಗುವ ಕೆಲಸವಲ್ಲ ಇದು ಎಂದುಕೊಂಡು ನಾನು ಮಧ್ಯೆ ಹೋಗಿ ನಿಂತು, "ನೋಡಿ ಮಕ್ಕಳಾ, ಮೊದ್ಲು ಎಲ್ಲರೂ ಸಾಲಾಗಿ" ಎಂದು ಶುರುಮಾಡಿದೆ.

"ಆಂಟಿ" ಎಂದಳು ತನ್ವಿ, ಕನ್ನಡದಲ್ಲೇ. "ಕೈ ಎತ್ತಿ. ಪ್ರಣವ್ ಆದ್ಮೇಲೆ ನೀವು."

ಕೈ ಎತ್ತಿದೆ. ಇಳಾ ಸರಿದು ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿದಳು. ಪ್ರಣವನ ಮಾತು ಬೇಗ ಮುಗಿಯುವಂಥದ್ದಲ್ಲ. ಕೈ ಎತ್ತಿಕೊಂಡೇ ಕೂತೆ.